ಅಡಿಕೆ ಮಂಡಿ ಸಾಫ್ಟ್‌ವೇರ್: ಒಡೆದು ಹೊಸದಾಗಿ ಕಟ್ಟಬೇಕಾ, ಇದ್ದದ್ದನ್ನೇ ಗಟ್ಟಿ ಮಾಡಬೇಕಾ?

ಮಂಡಿ_ಲೆಕ್ಕ (ಶಿವಮೊಗ್ಗ), ಭಾನುವಾರ ರಾತ್ರಿ 9.12

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾವು ನಾಲ್ಕು ಜನ ಸೇರಿ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತೇವೆ. ರೈತರು ಮೂಟೆ ತಂದಾಗ ಲಾಟ್ ನಂಬರ್, ತೂಕ, ಟೆಂಡರ್ ದರ, ಹಮಾಲಿ, ಮುಂಗಡದ ಬಡ್ಡಿ, ಕೊನೆಗೆ ರೈತರ ಕೈಗೆ ಕೊಡುವ ಲೆಕ್ಕದ ಚೀಟಿ, ಅಂದರೆ ಪಟ್ಟಿ. 2016ರಲ್ಲಿ ಒಂದೇ ಮಂಡಿಗೆ ಅಂತ ಬರೆದದ್ದು. ಈಗ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪ ಎಲ್ಲಾ ಸೇರಿ 43 ಅಂಗಡಿಯಲ್ಲಿ ಓಡುತ್ತಿದೆ. ಒಂದೇ ಪಿಎಚ್‌ಪಿ ಕೋಡ್, ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್, ಒಂದೇ ಸರ್ವರ್.

ಮಳೆಗಾಲದಲ್ಲಿ ಏನೂ ತೊಂದರೆ ಇಲ್ಲ. ಕೊಯ್ಲು ಮುಗಿದು ಮಾಲು ಬರೋಕೆ ಶುರುವಾದರೆ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ತನಕ ತೆವಳುತ್ತದೆ. ಕಳೆದ ಜನವರಿಯಲ್ಲಿ ಒಂದು ದಿನ 40 ನಿಮಿಷ ಪೂರ್ತಿ ನಿಂತೇ ಹೋಯಿತು. ಪಟ್ಟಿಗೆ ಕಾದ ರೈತರ ಸಾಲು ಸಂಜೆ ತನಕ ಕರಗಲಿಲ್ಲ. ಆಗುಂಬೆ ಕಡೆಯ ಹಿರಿಯರೊಬ್ಬರಿಗೆ ಊರಿನ ಕೊನೆ ಬಸ್ ತಪ್ಪಿತು. ಅದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಬೆಂಗಳೂರಿನ ಸಲಹೆಗಾರರೊಬ್ಬರಿಗೆ ತೋರಿಸಿದೆವು. ಎಲ್ಲಾ ಬಿಸಾಕಿ, 14 ಮೈಕ್ರೋಸರ್ವಿಸ್ (ಬೇರೆ ಬೇರೆಯಾಗಿ ಓಡುವ ಸಣ್ಣ ಸಣ್ಣ ಪ್ರೋಗ್ರಾಂಗಳು) ಮಾಡಿ, ಅವನ್ನೆಲ್ಲಾ ನೋಡಿಕೊಳ್ಳುವ ಕುಬರ್ನೆಟಿಸ್ ಮೇಲೆ ಓಡಿಸಿ, ನಡುವೆ ಸಂದೇಶ ಸಾಗಿಸಲು ಕಾಫ್ಕಾ ಇಡಿ ಅಂದರು. ಎಂಟು ತಿಂಗಳ ಕೆಲಸವಂತೆ. ನನಗೆ ಬೇಕಾಗಿರುವುದು ಇನ್ನು ಹತ್ತು ವರ್ಷ ನಿಲ್ಲುವ ವಿನ್ಯಾಸ. ಇದು ಸರಿಯಾದ ದಾರಿನಾ?

---

ತುಂಗಾ_ದಡ

ಯಾವ ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ನಿಧಾನ ಅಂತ ಅಳೆದಿದ್ದೀರಾ? ಅದನ್ನು ಹೇಳದೆ ಯಾರು ಏನು ಸಲಹೆ ಕೊಟ್ಟರೂ ಊಹೆ ಅಷ್ಟೇ.

---

ಸಾಗರದ_ಹುಡುಗಿ (ಈಗ ಬೆಂಗಳೂರು)

ನಾಲ್ಕು ಜನಕ್ಕೆ 14 ಸರ್ವಿಸ್ ಅಂದರೆ ತಲೆಗೆ ಮೂರೂವರೆ. ರಾತ್ರಿ ಒಂದು ಬಿದ್ದರೆ ಎದ್ದು ನೋಡೋರು ಯಾರು?

ನಾನು ಮೊದಲು ಕೆಲಸ ಮಾಡಿದ ಒಂದು ಕಂಪನಿಯಲ್ಲಿ 60ಕ್ಕಿಂತ ಜಾಸ್ತಿ ಸರ್ವಿಸ್ ಇತ್ತು. ಒಂದು ಬಿಲ್ ಆಗಬೇಕಾದರೆ ಒಂಬತ್ತು ಕಡೆ ಹೋಗಿ ಬರಬೇಕು. ಬಿಲ್ ಆಯಿತು, ಸ್ಟಾಕ್ ಕಡಿಮೆ ಆಗಲಿಲ್ಲ ಅನ್ನುವ ದೂರು ವಾರಕ್ಕೊಂದು ಬರುತ್ತಿತ್ತು. ಒಂದೇ ಡೇಟಾಬೇಸ್ ಇದ್ದಾಗ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮುಗಿಯುತ್ತದೆ. ಆಗುವುದಾದರೆ ಎರಡೂ ಆಗುತ್ತದೆ, ಇಲ್ಲದಿದ್ದರೆ ಎರಡೂ ಆಗುವುದಿಲ್ಲ. ಸರ್ವಿಸ್ ಒಡೆದ ದಿನ ಈ ಭರವಸೆ ಹೋಗುತ್ತದೆ. ಮಂಡಿಯಲ್ಲಿ ತೂಕ ಒಂದು ಕಡೆ, ಪಟ್ಟಿ ಒಂದು ಕಡೆ ಆದರೆ ರೈತನ ಎದುರು ನಿಂತು ಉತ್ತರ ಕೊಡುವುದು ನೀವೇ, ಆ ಸಲಹೆಗಾರರಲ್ಲ.

ಮೆಲ್ವಿನ್ ಕಾನ್ವೇ ಅನ್ನುವ ಕಂಪ್ಯೂಟರ್ ವಿಜ್ಞಾನಿ 1968ರಲ್ಲೇ ಹೇಳಿದ್ದರು, ತಂಡದ ಆಕಾರವೇ ಸಿಸ್ಟಂನ ಆಕಾರ ಆಗುತ್ತದೆ ಅಂತ. ನಿಮ್ಮ ತಂಡ ಒಂದೇ ಕೋಣೆಯಲ್ಲಿದೆ. ಕೋಡ್ ಕೂಡ ಒಂದೇ ಮನೆಯಲ್ಲಿ ಇರಲಿ, ಒಳಗೆ ಕೋಣೆಗಳು ಬೇರೆ ಬೇರೆ ಇರಲಿ. ಅಮೆಜಾನ್ ಪ್ರೈಮ್ ವಿಡಿಯೋದವರೇ 2023ರಲ್ಲಿ ಮೈಕ್ರೋಸರ್ವಿಸ್ ಬಿಟ್ಟು ಮಾನೋಲಿತ್‌ಗೆ (ಎಲ್ಲಾ ಒಂದೇ ಪ್ರೋಗ್ರಾಂ) ವಾಪಸ್ ಬಂದು 90 ಶೇಕಡ ಖರ್ಚು ಉಳಿಸಿದರು.

---

ಕ್ಲೌಡ್_ಕೊಪ್ಪ

@ಸಾಗರದ_ಹುಡುಗಿ ಅಕ್ಕ, ಕೊನೆಯ ಮಾತು ಅರ್ಧ ಸರಿ. ಪೂರ್ತಿ ಪ್ರೈಮ್ ವಿಡಿಯೋ ವಾಪಸ್ ಬಂದಿಲ್ಲ. ವಿಡಿಯೋ ಗುಣಮಟ್ಟ ನೋಡುವ ಒಂದು ಉಪಕರಣವನ್ನು ಮಾತ್ರ ಹಾಗೆ ಮಾಡಿದ್ದು. 90 ಶೇಕಡ ಉಳಿದದ್ದು ಅದರ ಖರ್ಚಿನಲ್ಲಿ. ಎಲ್ಲರೂ ಇದನ್ನೇ ತೋರಿಸಿ ಮೈಕ್ರೋಸರ್ವಿಸ್ ಸತ್ತಿತು ಅಂತಾರೆ, ಬೇಜಾರಾಗುತ್ತದೆ.

ನೂರಾರು ಜನ ಒಂದೇ ಕೋಡ್ ಮೇಲೆ ಕೆಲಸ ಮಾಡುವಾಗ, ಒಬ್ಬರ ಬದಲಾವಣೆಗೆ ಇನ್ನೊಬ್ಬರು ಕಾಯಬಾರದು ಅಂದಾಗ, ಒಡೆಯುವುದು ಸರಿ. ಆದರೆ ನಾಲ್ಕು ಜನಕ್ಕೆ ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆಯೂ ಇದೆ.

---

ಸಾಗರದ_ಹುಡುಗಿ

ಹೌದು, ಅದು ಒಂದೇ ಉಪಕರಣ. ತಿದ್ದಿದ್ದಕ್ಕೆ ಥ್ಯಾಂಕ್ಸ್.

---

ಹೊಸನಗರ_ಹನಿ

ಇವತ್ತು ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು ಗೊತ್ತಾ ಯಾರಿಗಾದರೂ?

---

ತುಂಗಾ_ದಡ

@ಹೊಸನಗರ_ಹನಿ ಅದಕ್ಕೆ ಬೇರೆ ಚರ್ಚೆ ಇದೆ ಮಾರಾಯ್ರೇ, ಅಲ್ಲಿ ಕೇಳಿ.

---

ಮಂಡಿ_ಲೆಕ್ಕ, ಸೋಮವಾರ ಸಂಜೆ

@ತುಂಗಾ_ದಡ ನೀವು ಕೇಳಿದ ಮೇಲೆ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ (ಯಾವ ಕ್ವೆರಿಗೆ ಎಷ್ಟು ಹೊತ್ತು ಅಂತ ಲೆಕ್ಕ ಇಡುವ ಪೋಸ್ಟ್‌ಗ್ರೆಸ್ ಸೌಲಭ್ಯ) ಹಾಕಿ ನೋಡಿದೆವು. ಸೀಸನ್ ಅಲ್ಲದಿದ್ದರೂ ಚಿತ್ರ ಸ್ಪಷ್ಟ ಇದೆ. ಪಟ್ಟಿ ಮಾಡುವ ಕೆಲಸ ಅಷ್ಟು ಭಾರವೇ ಅಲ್ಲ. ಮಾಲೀಕರು ಮಧ್ಯಾಹ್ನ ಕೂತು "ಈ ವರ್ಷದ ಖಾತೆ" ಅಂತ ಒತ್ತುತ್ತಾರಲ್ಲ, ಆ ರಿಪೋರ್ಟ್ 2016ರಿಂದ ಇರುವ ಎಲ್ಲಾ ಸಾಲುಗಳನ್ನೂ ಓದುತ್ತದೆ. ಒಂದು ಸಲಕ್ಕೆ 18 ಸೆಕೆಂಡ್. ಬರದಿದ್ದರೆ ಅವರು ಮತ್ತೆ ಒತ್ತುತ್ತಾರೆ. ನೋಡಿ ನಮಗೆ ನಾಚಿಕೆ ಆಯಿತು. ಇಷ್ಟು ವರ್ಷ ಇದನ್ನು ನೋಡಿಯೇ ಇರಲಿಲ್ಲ.

---

ಡೇಟಾಬೇಸ್_ಭದ್ರಾವತಿ

ನಾಚಿಕೆ ಬೇಡ. ನಾನು ಇಪ್ಪತ್ತು ವರ್ಷದಿಂದ ಡೇಟಾಬೇಸ್ ಕೆಲಸದಲ್ಲಿದ್ದೇನೆ. ಸಿಸ್ಟಂ ತಡೆಯುತ್ತಿಲ್ಲ ಅಂತ ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರ ಕಥೆ ಇದೇ.

ಮೊದಲು ಅಂಗಡಿ ಮತ್ತು ದಿನಾಂಕ ಎರಡೂ ಸೇರಿದ ಇಂಡೆಕ್ಸ್ ಹಾಕಿ, ಪುಸ್ತಕದ ಕೊನೆಯ ಸೂಚಿಯ ಹಾಗೆ ಬೇಕಾದ ಸಾಲು ಬೇಗ ಸಿಗುತ್ತದೆ. ಹಾಕುವಾಗ ಕನ್‌ಕರೆಂಟ್ಲಿ ಅಂತ ಸೇರಿಸಿ. ಇಲ್ಲದಿದ್ದರೆ ಇಂಡೆಕ್ಸ್ ಆಗುವ ತನಕ ಆ ಟೇಬಲ್‌ಗೆ ಬರೆಯುವುದು ನಿಲ್ಲುತ್ತದೆ. ಆಮೇಲೆ ಹಣಕಾಸು ವರ್ಷದ ಲೆಕ್ಕದಲ್ಲಿ ಪಾರ್ಟಿಷನ್ ಮಾಡಿ, ಅಂದರೆ ಟೇಬಲ್ ಅನ್ನು ತುಂಡು ಮಾಡಿ. ಏಪ್ರಿಲ್‌ನಿಂದ ಮಾರ್ಚ್ ಒಂದು ತುಂಡು. ಈ ವರ್ಷದ ಖಾತೆಗೆ 2016ರ ತುಂಡನ್ನು ಮುಟ್ಟುವ ಅಗತ್ಯವೇ ಇಲ್ಲ.

ಎರಡನೆಯದು ಸಂಪರ್ಕದ ಲೆಕ್ಕ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೊಸೆಸ್. ಸುಮ್ನೆ ಇನ್‌ಸ್ಟಾಲ್ ಮಾಡಿದರೆ ಮಿತಿ 100. ನಿಮ್ಮ 43 ಅಂಗಡಿಯಲ್ಲಿ ತಲಾ ಮೂರು ಕಂಪ್ಯೂಟರ್ ಇದ್ದು ಎಲ್ಲರೂ ಒಟ್ಟಿಗೆ ಬಂದರೆ ಆ ಮಿತಿ ತುಂಬುತ್ತದೆ. ಆ 40 ನಿಮಿಷ ನಿಂತದ್ದು ಇದರಿಂದಲೇ ಅಂತ ನನ್ನ ಅನುಮಾನ, ಆ ದಿನದ ಲಾಗ್ ನೋಡಿ. ಮಿತಿಯನ್ನು 500 ಮಾಡಲು ಹೋಗಬೇಡಿ. ಮುಂದೆ ಪಿಜಿಬೌನ್ಸರ್ ಇಡಿ. ಅದು ಕೆಲವೇ ಸಂಪರ್ಕಗಳನ್ನು ಎಲ್ಲರಿಗೂ ಸರದಿಯಲ್ಲಿ ಹಂಚುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಸಂಪರ್ಕಗಳಲ್ಲಿ ಪಟ್ಟಿಗೆ ಬೇರೆ ಪಾಲು, ರಿಪೋರ್ಟ್‌ಗೆ ಬೇರೆ ಪಾಲು. ರಿಪೋರ್ಟ್‌ಗೆ ಐದೇ ಸಂಪರ್ಕ. ಆರನೆಯವರು ಬಂದರೆ "ಸ್ವಲ್ಪ ಹೊತ್ತು ಬಿಟ್ಟು ನೋಡಿ" ಅಂತ ಆಗಲೇ ಹೇಳಿ ಕಳಿಸಿ. ಕೆರೆಗೆ ಕೋಡಿ ಯಾಕೆ ಇಡುತ್ತಾರೆ? ಹೆಚ್ಚಾದ ನೀರು ಹೋಗಲು ಒಂದು ದಾರಿ ಇರಬೇಕು. ಇಲ್ಲದಿದ್ದರೆ ಅದು ಏರಿಯ ಮೇಲೆ ಹತ್ತಿ ಏರಿಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ನಿಮ್ಮ ಸಿಸ್ಟಂಗೆ ಕೋಡಿ ಇಲ್ಲ. ಬಂದವರನ್ನೆಲ್ಲಾ ಒಳಗೆ ಬಿಟ್ಟುಕೊಂಡು ಎಲ್ಲರೂ ಒಟ್ಟಿಗೆ ಮುಳುಗುತ್ತಿದ್ದೀರಿ.

---

ಶರಾವತಿ_ಎಡದಂಡೆ

ಕೋಡಿ ಉದಾಹರಣೆ ಬಹಳ ಹಿಡಿಸಿತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅಲ್ಲಿಗೆ ಮುಟ್ಟುವ ಮೊದಲೇ ನದಿ ಪಾತ್ರದವರಿಗೆ ಎಚ್ಚರಿಕೆ ಕೊಡುತ್ತಾರೆ. ಸರ್ವರ್‌ಗೂ ಹಾಗೆ ಬೇಕು. ಡಿಸ್ಕ್ 100 ಶೇಕಡ ತುಂಬಿದ ಮೇಲೆ ಬರುವ ಮೆಸೇಜ್ ಯಾರಿಗೂ ಉಪಯೋಗ ಇಲ್ಲ. 70ಕ್ಕೆ ಒಂದು, 85ಕ್ಕೆ ಒಂದು ಬರಬೇಕು.

---

ಚಾಲಿ_ಮನೆ (ಸಾಗರ)

ನಾನು ಬೆಳೆಗಾರ, ಸಾಫ್ಟ್‌ವೇರ್ ಕೂಡ ಬರೆಯುತ್ತೇನೆ. ಒಂದು ಪ್ರಶ್ನೆ. ಅಡಿಕೆಯ ಜಾತಿಯನ್ನು ಡೇಟಾಬೇಸ್‌ನಲ್ಲಿ ಹೇಗೆ ಇಟ್ಟಿದ್ದೀರಿ?

---

ಮಂಡಿ_ಲೆಕ್ಕ

@ಚಾಲಿ_ಮನೆ ಮೊದಲು ಶಿವಮೊಗ್ಗಕ್ಕೆ ಮಾತ್ರ ಬರೆದದ್ದಲ್ವಾ, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ನಾಲ್ಕು ಕಾಲಂ. ಸಾಗರಕ್ಕೆ ಬಂದಾಗ ಚಾಲಿ, ಬಿಳಿಗೋಟು, ಕೆಂಪುಗೋಟು, ಕೋಕಾ, ಸಿಪ್ಪೆಗೋಟು ಅಂತ ಐದು ಕಾಲಂ ಸೇರಿಸಿದೆವು.

---

ಚಾಲಿ_ಮನೆ (ಸಾಗರ)

ಅದೇ ನನ್ನ ಭಯ ಇತ್ತು. ಸರ್ವರ್ ನಿಧಾನ ಆದರೆ ದುಡ್ಡು ಕೊಟ್ಟು ದೊಡ್ಡದು ತರಬಹುದು. ಇದಕ್ಕೆ ದುಡ್ಡು ಕೊಟ್ಟರೂ ಆಗುವುದಿಲ್ಲ. ನಾಳೆ ಕಾಳುಮೆಣಸು ತೂಗುವ ಮಂಡಿಯವರು ಬಂದರೆ? ಇನ್ನೂ ಮೂರು ಕಾಲಂ? ಪ್ರತಿ ರಿಪೋರ್ಟ್, ಪ್ರತಿ ಪ್ರಿಂಟ್, ಪ್ರತಿ ಮೊತ್ತ ತಿದ್ದಬೇಕು.

ಮಾಲು ಅಂತ ಒಂದು ಟೇಬಲ್ ಮಾಡಿ. ರಾಶಿ ಅದರಲ್ಲಿ ಒಂದು ಸಾಲು, ಚಾಲಿ ಒಂದು ಸಾಲು. ಲಾಟ್‌ನ ಪ್ರತಿ ತೂಕವೂ ಮಾಲಿನ ನಂಬರ್ ಹಿಡಿದು ಒಂದು ಸಾಲು. ಹೊಸ ಜಾತಿ ಬಂದರೆ ಅಂಗಡಿಯವರೇ ಸೇರಿಸಿಕೊಳ್ಳುತ್ತಾರೆ, ನಿಮಗೆ ಫೋನ್ ಕೂಡ ಬರುವುದಿಲ್ಲ. ನಾಲ್ಕು ಕಡೆ ಅಡಿಕೆ ಮಾರಿದವನಾಗಿ ಹೇಳುತ್ತೇನೆ, ಮಲೆನಾಡಿನಲ್ಲಿ ಇಪ್ಪತ್ತು ಮೈಲಿಗೆ ಅಡಿಕೆಯ ಹೆಸರು ಬದಲಾಗುತ್ತದೆ. ಯಾವುದು ಬದಲಾಗುತ್ತದೋ ಅದನ್ನು ಕೋಡ್‌ನಲ್ಲಿ ಬರೆಯಬೇಡಿ.

---

ಗೋಪಿ_ಸರ್ಕಲ್_ಕೋಡರ್

ಮೇಲಿನ ಕೊನೆಯ ವಾಕ್ಯಕ್ಕೆ ನೂರು ಲೈಕ್. ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಪಾರ್ನಾಸ್ 1972ರ ಲೇಖನದಲ್ಲಿ ಹೇಳಿದ್ದು ಇದನ್ನೇ. ಕೆಲಸದ ಹಂತದ ಪ್ರಕಾರ ಕೋಡ್ ಭಾಗ ಮಾಡಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನೂ ಒಂದೊಂದು ಭಾಗದ ಒಳಗೆ ಮುಚ್ಚಿಡಿ ಅಂತ.

ತೆರಿಗೆಯನ್ನೇ ನೋಡಿ. 2017ರ ಜುಲೈ 1ಕ್ಕೆ ವ್ಯಾಟ್ ಹೋಗಿ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ಕ್ಕೆ ದರಗಳು ಮತ್ತೆ ಬದಲಾಗಿ ಬಹುತೇಕ ವಸ್ತುಗಳು 5 ಮತ್ತು 18ಕ್ಕೆ ಬಂದವು. ಗೊಬ್ಬರ, ಔಷಧಿ, ಹಾರ್ಡ್‌ವೇರ್ ಅಂಗಡಿಗಳಿಗೆ ನಾನು ಬಿಲ್ಲಿಂಗ್ ಮಾಡಿಕೊಡುತ್ತೇನೆ. ನನ್ನ ಟೇಬಲ್‌ನಲ್ಲಿ ದರದ ಜೊತೆ "ಯಾವಾಗಿನಿಂದ", "ಯಾವಾಗಿನ ತನಕ" ಅಂತ ಎರಡು ದಿನಾಂಕ ಇತ್ತು. ಹಿಂದಿನ ದಿನವೇ ಹೊಸ ಸಾಲು ಸೇರಿಸಿ ಮಲಗಿದೆ. ಹಳೆ ಬಿಲ್ ತೆಗೆದರೆ ಹಳೆ ದರವೇ ಬರುತ್ತದೆ. ಹಮಾಲಿ, ಬಡ್ಡಿ, ಕಮಿಷನ್ ಎಲ್ಲದಕ್ಕೂ ಹೀಗೇ ಮಾಡಿ.

ಮತ್ತೆ, ದುಡ್ಡನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆ) ಇಟ್ಟಿಲ್ಲ ತಾನೇ?

---

ಮಂಡಿ_ಲೆಕ್ಕ

ಬಡ್ಡಿ ಲೆಕ್ಕದಲ್ಲಿ ಎರಡು ಕಡೆ ಫ್ಲೋಟ್ ಇದೆ. ವರ್ಷದ ಕೊನೆಗೆ ಕೆಲವು ಪೈಸೆ ಹೊಂದುವುದಿಲ್ಲ ಅಂತ ಒಬ್ಬರು ಗುಮಾಸ್ತರು ಪ್ರತಿ ಮಾರ್ಚ್‌ನಲ್ಲೂ ಹೇಳುತ್ತಿದ್ದರು.

---

ಗೋಪಿ_ಸರ್ಕಲ್_ಕೋಡರ್

ಅವರು ಸರಿ ಹೇಳಿದ್ದಾರೆ. ದಶಮಾಂಶವನ್ನು ನಿಖರವಾಗಿ ಇಡುವ ನ್ಯೂಮೆರಿಕ್‌ಗೆ ಬದಲಾಯಿಸಿ, ಇಲ್ಲವೇ ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಡಿ. ಫ್ಲೋಟ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಆ ಗುಮಾಸ್ತರಿಗೆ ಫೋನ್ ಮಾಡಿ ಹೇಳಿ, ಖುಷಿ ಪಡುತ್ತಾರೆ.

---

ಆಗುಂಬೆ_ಮಳೆ

ನೀವೆಲ್ಲಾ ಸರ್ವರ್ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಕಡೆ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಸರ್ವರ್ ಎಷ್ಟು ಗಟ್ಟಿ ಇದ್ದರೆ ಏನು, ಘಟ್ಟದ ಮೇಲೆ ಒಂದು ಮರ ಬಿದ್ದರೆ ಕೇಬಲ್ ಹೋಯಿತು. ಅಂಗಡಿಯವರಿಗೆ ಎರಡೂ ಒಂದೇ, ಪಟ್ಟಿ ಬರುತ್ತಿಲ್ಲ ಅಷ್ಟೇ.

ನಾನು ಹಾಲಿನ ಡೇರಿ ಲೆಕ್ಕಕ್ಕೆ ಮಾಡಿದ್ದು ಹೀಗೆ. ಪ್ರತಿ ಕಂಪ್ಯೂಟರ್‌ನಲ್ಲೂ ಒಂದು ಸಣ್ಣ ಎಸ್‌ಕ್ಯೂಲೈಟ್ ಫೈಲ್, ಸರ್ವರ್ ಬೇಡದ ಪುಟ್ಟ ಡೇಟಾಬೇಸ್. ಎಲ್ಲಾ ಮೊದಲು ಅಲ್ಲಿಗೆ ಬರೆಯುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ, ನೆಟ್ ಬಂದಾಗ ಸರ್ವರ್‌ಗೆ ಹೋಗುತ್ತದೆ. ಇದರಲ್ಲಿ ಮೂರು ಸಲ ಪೆಟ್ಟು ತಿಂದಿದ್ದೇನೆ.

ಮೊದಲ ಪೆಟ್ಟು, ನಂಬರ್ ಸರ್ವರ್ ಕೊಡಲಿ ಅಂತ ಬಿಟ್ಟದ್ದು. ನೆಟ್ ಇಲ್ಲದಾಗ ನಂಬರ್ ಎಲ್ಲಿಂದ ಬರಬೇಕು? ಪ್ರತಿ ಕಂಪ್ಯೂಟರ್‌ಗೂ ಅದರದೇ ಸರಣಿ ಕೊಟ್ಟೆ. ಎರಡನೆಯದು, ಕಳಿಸುವಾಗ ಮಧ್ಯದಲ್ಲಿ ನೆಟ್ ಹೋಗಿ ಮತ್ತೆ ಕಳಿಸಿದಾಗ ಒಂದೇ ಚೀಟಿ ಎರಡು ಸಲ ದಾಖಲಾಗಿ ಒಬ್ಬರಿಗೆ ಎರಡು ಪಟ್ಟು ಹಣ ಜಮೆ ಆಯಿತು. ಈಗ ಪ್ರತಿ ಚೀಟಿಗೂ ಹುಟ್ಟುವಾಗಲೇ ಒಂದು ಗುರುತು. ಸರ್ವರ್‌ನಲ್ಲಿ ಆ ಗುರುತಿಗೆ ಯೂನಿಕ್ ನಿಯಮ ಇದೆ. ಹತ್ತು ಸಲ ಬಂದರೂ ಒಂದೇ ಸಲ ಕೂರುತ್ತದೆ.

ಮೂರನೆಯದನ್ನು ನಾನು ಊಹಿಸಿಯೇ ಇರಲಿಲ್ಲ. ಇಡೀ ಹೋಬಳಿಗೆ ಕರೆಂಟ್ ಹೋಗಿ ಒಂದೇ ಸಲ ಬಂತು. ಎಲ್ಲಾ ಡೇರಿಗಳೂ ಒಂದೇ ಕ್ಷಣಕ್ಕೆ ಕಳಿಸೋಕೆ ಶುರು ಮಾಡಿ ಸರ್ವರ್ ಮಲಗಿತು. ಸೋತವೆಲ್ಲಾ ಸರಿಯಾಗಿ 30 ಸೆಕೆಂಡ್‌ಗೆ ಮತ್ತೆ ಒಟ್ಟಿಗೆ ಬಂದವು. ಈಗ ಪ್ರತಿಯೊಂದೂ ಒಂದು ಯಾದೃಚ್ಛಿಕ ಹೊತ್ತು ಕಾದು ಕಳಿಸುತ್ತದೆ, ಸೋತ ಹಾಗೆಲ್ಲಾ ಕಾಯುವ ಸಮಯ ಎರಡು ಪಟ್ಟು ಆಗುತ್ತದೆ.

---

ಡೇಟಾಬೇಸ್_ಭದ್ರಾವತಿ

@ಆಗುಂಬೆ_ಮಳೆ ಇದನ್ನು ನಾನು ಮರೆತೇ ಬಿಟ್ಟಿದ್ದೆ. ಮಲೆನಾಡಿನಲ್ಲಿ ಇದೇ ಮೊದಲು ಬರಬೇಕು.

---

ಕ್ಲೌಡ್_ಕೊಪ್ಪ

ಹತ್ತು ವರ್ಷದ ಮಾತು ಬಂದದ್ದಕ್ಕೆ ಇನ್ನೊಂದು. ನಾನು ಕುಬರ್ನೆಟಿಸ್ ಮೇಲೆಯೇ ದಿನಾ ಕೆಲಸ ಮಾಡುವವನು, ಇಷ್ಟಪಟ್ಟು ಮಾಡುತ್ತೇನೆ. ಆದರೂ ನಿಮಗೆ ಬೇಡ ಅಂತೀನಿ. ಅದರಲ್ಲಿ ವರ್ಷಕ್ಕೆ ಮೂರು ಹೊಸ ಆವೃತ್ತಿ ಬರುತ್ತದೆ, ಒಂದೊಂದಕ್ಕೂ ಸುಮಾರು 14 ತಿಂಗಳು ಬೆಂಬಲ. ಅಂದರೆ ವರ್ಷ ವರ್ಷ ಯಾರಾದರೂ ಕೂತು ಮೇಲಕ್ಕೆ ಏರಿಸಲೇಬೇಕು. ಪೋಸ್ಟ್‌ಗ್ರೆಸ್‌ನ ಒಂದು ದೊಡ್ಡ ಆವೃತ್ತಿಗೆ ಐದು ವರ್ಷ ಬೆಂಬಲ. ನಾಲ್ಕು ಜನರ ಅಂಗಡಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

---

ಹೊಸನಗರ_ಹನಿ

ರೈತರ ಹೆಸರು ಕನ್ನಡದಲ್ಲಿ ಇದೆಯಾ? ನಮ್ಮೂರಿನ ಸೊಸೈಟಿಯೊಂದರ ಡೇಟಾ ಸರಿ ಮಾಡಿಕೊಟ್ಟಾಗ ಅರ್ಧ "ನುಡಿ" ತಂತ್ರಾಂಶದ ಹಳೆ ಫಾಂಟ್‌ನಲ್ಲಿತ್ತು, ಅರ್ಧ ಯೂನಿಕೋಡ್. ಹುಡುಕಿದರೆ ಸಿಗುತ್ತಿರಲಿಲ್ಲ. ಯೂನಿಕೋಡ್‌ಗೆ ಬದಲಾಯಿಸಿದ ಮೇಲೂ "ಕೊಪ್ಪ" ಅಂತ ಹುಡುಕಿದರೆ ಕೆಲವು ಬರುತ್ತಿದ್ದವು, ಕೆಲವು ಇಲ್ಲ. ಕಣ್ಣಿಗೆ ಒಂದೇ ಅಕ್ಷರ. ಒಳಗೆ "ಕೊ"ದ ಒತ್ವ ಕೆಲವು ಕಡೆ ಒಂದೇ ಸಂಕೇತ, ಕೆಲವು ಕಡೆ ಎತ್ವ ಮತ್ತು ಊತ್ವ ಸೇರಿ ಎರಡು ಸಂಕೇತ. ಉಳಿಸುವ ಮೊದಲೇ ಎನ್‌ಎಫ್‌ಸಿ ರೂಪಕ್ಕೆ (ಇಂಥವನ್ನು ಒಂದೇ ಸಂಕೇತಕ್ಕೆ ತರುವ ಯೂನಿಕೋಡ್ ಕ್ರಮ) ತಂದುಬಿಡಿ. ಇಲ್ಲದಿದ್ದರೆ ಒಬ್ಬನೇ ರೈತನಿಗೆ ಎರಡು ಖಾತೆ ಹುಟ್ಟುತ್ತದೆ.

---

ತುಂಗಾ_ದಡ

@ಹೊಸನಗರ_ಹನಿ ನೀವು ರೇಟ್ ಕೇಳಿದಾಗ ಬೇರೆ ಕಡೆ ಕಳಿಸಿದ್ದೆ. ಇದು ಯಾರಿಗೂ ಹೊಳೆಯದ ಮಾತು, ಬಹಳ ಉಪಕಾರ ಆಯಿತು.

---

ಸಾಗರದ_ಹುಡುಗಿ

ಹಾಗಾದರೆ ಹಳೆ ಕೋಡ್ ಏನು ಮಾಡುವುದು? ಎಂಟು ತಿಂಗಳು ಕೂತು ಪೂರ್ತಿ ಹೊಸದು ಬರೆಯುವುದಕ್ಕೆ ನನ್ನ ವಿರೋಧ ಇದೆ. ಆ ಎಂಟು ತಿಂಗಳು ಹಳೆಯದಕ್ಕೂ ತಿದ್ದುಪಡಿ ಕೇಳುತ್ತಲೇ ಇರುತ್ತಾರೆ, ಹೊಸದು ಹಳೆಯದನ್ನು ಹಿಡಿಯುವುದೇ ಇಲ್ಲ.

ಇದಕ್ಕೆ ಬದಲಿ ದಾರಿಗೆ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ 2004ರಲ್ಲಿ "ಸ್ಟ್ರ್ಯಾಂಗ್ಲರ್" ಅಂತ ಹೆಸರು ಕೊಟ್ಟರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಿನಲ್ಲಿ ಬೇರೆ ಮರದ ಮೇಲೆ ಹುಟ್ಟಿ ಅದನ್ನು ಸುತ್ತಿಕೊಂಡು ಬೆಳೆಯುವ ಮರ ನೋಡಿ ಬಂದದ್ದು. ಹಳೆ ಸಿಸ್ಟಂ ಓಡುತ್ತಲೇ ಇರುತ್ತದೆ, ಒಂದೊಂದೇ ಭಾಗ ಹೊಸದಕ್ಕೆ ಹೋಗುತ್ತದೆ, ಕೊನೆಗೆ ಹಳೆಯದು ತಾನಾಗಿ ಇಲ್ಲವಾಗುತ್ತದೆ. ನಮಗೆ ಆಸ್ಟ್ರೇಲಿಯಾ ತನಕ ಹೋಗಬೇಕಾಗಿಲ್ಲ, ನಮ್ಮ ಕಾಡಿನಲ್ಲೇ ಇದೆಯಲ್ಲಾ, ಬಂದಣಿಕೆ.

---

ಚಾಲಿ_ಮನೆ (ಸಾಗರ)

ಬಂದಣಿಕೆ ಅಲ್ಲ ತಂಗಿ! ಬಂದಣಿಕೆ ಕೊನೆ ತನಕ ಆ ಮರದ ರಸವನ್ನೇ ಕುಡಿದು ಬದುಕುತ್ತದೆ, ಮರ ಸತ್ತರೆ ಅದೂ ಸಾಯುತ್ತದೆ. ನೀವು ಹೇಳುತ್ತಿರುವುದು ಆಲ, ಬಸರಿ ಜಾತಿಯದ್ದು. ಹಕ್ಕಿ ಹಾಕಿದ ಬೀಜ ಬೈನೆ ಮರದ ಸಂದಿಯಲ್ಲಿ ಹುಟ್ಟಿ, ಬೇರು ಇಳಿಬಿಟ್ಟು ನೆಲ ಮುಟ್ಟಿಸಿ, ಆಮೇಲೆ ಸ್ವಂತ ಕಾಲ ಮೇಲೆ ನಿಲ್ಲುತ್ತದೆ.

ಸಾಫ್ಟ್‌ವೇರ್‌ಗೂ ಈ ವ್ಯತ್ಯಾಸ ಮುಖ್ಯ. ಹೊಸ ಭಾಗ ಬರೆದು, ಅದು ಹಳೆ ಟೇಬಲ್‌ಗಳನ್ನೇ ನೇರವಾಗಿ ಓದುತ್ತಾ ಇದ್ದರೆ ಅದು ಬಂದಣಿಕೆ. ಹಳೆಯದನ್ನು ಯಾವತ್ತೂ ತೆಗೆಯಲಾಗುವುದಿಲ್ಲ. ಹೊಸ ಭಾಗಕ್ಕೆ ಅದರದೇ ಟೇಬಲ್ ಇರಬೇಕು, ಬೇರೆಯವರು ಅದರ ಫಂಕ್ಷನ್ ಮೂಲಕವೇ ಕೇಳಬೇಕು.

---

ಸಾಗರದ_ಹುಡುಗಿ

ಒಪ್ಪಿದೆ ಅಣ್ಣಾ. ನನ್ನ ಹೋಲಿಕೆಗಿಂತ ನಿಮ್ಮ ತಿದ್ದುಪಡಿ ಚೆನ್ನಾಗಿದೆ.

---

ಶರಾವತಿ_ಎಡದಂಡೆ

ಬ್ಯಾಕಪ್ ಬಗ್ಗೆ ಯಾರೂ ಕೇಳಲಿಲ್ಲ. 2017ರ ಜನವರಿ 31ಕ್ಕೆ, ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನವರು ತಪ್ಪಿ ಅಸಲಿ ಡೇಟಾಬೇಸ್ ಅಳಿಸಿದರು. ಹಲವು ಥರದ ಬ್ಯಾಕಪ್ ಇತ್ತು, ಹೆಚ್ಚಿನವು ಕೆಲಸಕ್ಕೆ ಬರಲಿಲ್ಲ. ಅದೃಷ್ಟಕ್ಕೆ ಒಬ್ಬರು ಕೆಲವು ಗಂಟೆ ಮೊದಲು ಕೈಯಾರೆ ತೆಗೆದಿಟ್ಟ ಪ್ರತಿ ಇತ್ತು, ಅದರಿಂದ ಎದ್ದರು. ಸುಮಾರು ಆರು ಗಂಟೆಯ ಡೇಟಾ ಹೋಯಿತು. ನೀವು ಕೊನೆಯ ಸಲ ಬ್ಯಾಕಪ್ಪನ್ನು ವಾಪಸ್ ಹಾಕಿ ನೋಡಿದ್ದು ಯಾವಾಗ?

---

ಮಂಡಿ_ಲೆಕ್ಕ

ಪ್ರತಿ ರಾತ್ರಿ ತೆಗೆಯುತ್ತೇವೆ. ವಾಪಸ್ ಹಾಕಿ ನೋಡಿಲ್ಲ.

---

ಶರಾವತಿ_ಎಡದಂಡೆ

ಬೇರೆ ಎಲ್ಲಾ ಬಿಟ್ಟು ಈ ಶನಿವಾರ ಅದನ್ನು ಮಾಡಿ. ಮೇಲಿನ ಯಾವ ಸಲಹೆಗೂ ಇದಕ್ಕಿಂತ ಮೊದಲ ಸ್ಥಾನ ಇಲ್ಲ.

---

ಮಂಡಿ_ಲೆಕ್ಕ, ಮೂರು ವಾರದ ನಂತರ

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು. ಸಲಹೆಗಾರರಿಗೆ ಸದ್ಯಕ್ಕೆ ಬೇಡ ಅಂತ ಹೇಳಿದೆವು.

ಇಂಡೆಕ್ಸ್ ಹಾಕಿದ ಮೇಲೆ 18 ಸೆಕೆಂಡ್‌ನ ಖಾತೆ ಅರ್ಧ ಸೆಕೆಂಡ್‌ಗೆ ಬರುತ್ತಿದೆ. ಜನವರಿಯ ಲಾಗ್ ತೆಗೆದು ನೋಡಿದೆವು. ಭದ್ರಾವತಿ ಸಾರ್ ಹೇಳಿದ್ದೇ ಸರಿ, ಸಂಪರ್ಕ ತುಂಬಿ ನಿಂತದ್ದು. ಪಿಜಿಬೌನ್ಸರ್ ಇಟ್ಟೆವು, ರಿಪೋರ್ಟ್‌ಗೆ ಐದರ ಮಿತಿ ಹಾಕಿದೆವು. ಮೊದಲ ದಿನ ಇಬ್ಬರು ಮಾಲೀಕರು ಫೋನ್ ಮಾಡಿ ಬೈದರು. ಪಟ್ಟಿ ನಿಲ್ಲಬಾರದು ಅಂತ ಹೀಗೆ ಮಾಡಿದ್ದೇವೆ ಅಂದಾಗ ಒಪ್ಪಿಕೊಂಡರು.

ಮಾಲಿನ ಟೇಬಲ್ ಬೇರೆ ಮಾಡುವ ಕೆಲಸ ಶುರುವಾಗಿದೆ. ಅದೇ ಕೋಡ್ ಒಳಗೆ, ಬೇರೆ ಕೋಣೆಯಾಗಿ. ತೀರ್ಥಹಳ್ಳಿಯ ಒಂದು ಅಂಗಡಿಯಲ್ಲಿ ನೆಟ್ ಇಲ್ಲದೆ ಪಟ್ಟಿ ಮಾಡುವುದನ್ನು ಪರೀಕ್ಷೆ ಮಾಡುತ್ತಿದ್ದೇವೆ. ಗುಮಾಸ್ತರಿಗೂ ಫೋನ್ ಮಾಡಿದೆ.

ಮತ್ತೆ ಬ್ಯಾಕಪ್. ಶನಿವಾರ ಹಾಕಿ ನೋಡಿದೆವು. 3 ಗಂಟೆ 10 ನಿಮಿಷ ಹಿಡಿಯಿತು, ಎರಡು ಟೇಬಲ್ ಬರಲೇ ಇಲ್ಲ. ಅದರಲ್ಲಿ ಒಂದು ಮುಂಗಡದ್ದು. ಆ ರಾತ್ರಿ ನಾವು ನಾಲ್ಕೂ ಜನ ನಿದ್ದೆ ಮಾಡಿಲ್ಲ.

---

ಡೇಟಾಬೇಸ್_ಭದ್ರಾವತಿ

ಬ್ಯಾಕಪ್ ತೆಗೆಯುವ ಯೂಸರ್‌ಗೆ ಆ ಎರಡು ಟೇಬಲ್ ಓದುವ ಅನುಮತಿ ಇದೆಯಾ ನೋಡಿ. ಸ್ಕ್ರಿಪ್ಟ್‌ನಲ್ಲಿ ಟೇಬಲ್ ಹೆಸರುಗಳನ್ನು ಕೈಯಿಂದ ಬರೆದಿದ್ದರೆ, ಆಮೇಲೆ ಹುಟ್ಟಿದ ಟೇಬಲ್‌ಗಳು ಆ ಹೆಸರುಗಳ ಜೊತೆ ಸೇರಿರುವುದಿಲ್ಲ.

---

ಮಂಡಿ_ಲೆಕ್ಕ

ಕೈಯಿಂದಲೇ ಬರೆದಿತ್ತು ಸಾರ್. 2019ರ ನಂತರದ ಎರಡೂ ಸೇರಿರಲಿಲ್ಲ. ಈಗ ಪೂರ್ತಿ ಡೇಟಾಬೇಸ್ ತೆಗೆಯುವ ಹಾಗೆ ಬದಲಾಯಿಸಿದೆ. ನಾಳೆ ರಾತ್ರಿ ಮತ್ತೆ ವಾಪಸ್ ಹಾಕಿ ನೋಡುತ್ತೇವೆ.

---

ಶರಾವತಿ_ಎಡದಂಡೆ

ನಾಳೆ ನಾನು ಶಿವಮೊಗ್ಗದಲ್ಲೇ ಇರುತ್ತೇನೆ. ಬೇಕಾದರೆ ಬಂದು ಕೂರುತ್ತೇನೆ.

---

ಮಂಡಿ_ಲೆಕ್ಕ

ಖಂಡಿತ ಬನ್ನಿ. ಏಳು ಗಂಟೆಗೆ ಶುರು ಮಾಡುತ್ತೇವೆ, ಊಟ ನಮ್ಮಲ್ಲೇ.